ಮಾತು ಬಿಟ್ಟ ಅಣ್ಣ ತಮ್ಮ, ನಡುವೆ ಒಂದು ಕೆರೆ: ಒಂದು ಚಿತ್ರಕಥೆಯ ಪ್ರಕರಣ ಅಧ್ಯಯನ

ಇಪ್ಪತ್ತೇಳು ವರ್ಷ ಮಾತು ಬಿಟ್ಟ ಅಣ್ಣ ತಮ್ಮ ಮತ್ತೆ ಮಾತಾಡುವುದು ಹೇಗೆ? ಸಿನಿಮಾದವರ ಹತ್ತಿರ ಇದಕ್ಕೆ ರೆಡಿ ಉತ್ತರಗಳು ಬೇಕಾದಷ್ಟಿವೆ. ಅಮ್ಮ ಸಾಯಲು ಮಲಗುತ್ತಾಳೆ. ಇಲ್ಲವಾದರೆ ಮಳೆ ಬಂದು ಮನೆ ಬೀಳುತ್ತದೆ. ಅದೂ ಇಲ್ಲದಿದ್ದರೆ ಹಬ್ಬ ಬರುತ್ತದೆ, ಎಲ್ಲರೂ ಅಳುತ್ತಾರೆ, ತಬ್ಬಿಕೊಳ್ಳುತ್ತಾರೆ. ಈ ಮೂರನ್ನೂ ಹಾಕಿ ನೋಡಿ, ಮೂರನ್ನೂ ಬಿಟ್ಟು, ಕೊನೆಗೆ ಸೋರುವ ಒಂದು ಪೈಪಿನ ಹತ್ತಿರ ಬಂದು ನಿಂತ ಚಿತ್ರಕಥೆಯೊಂದರ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ.

ಚಿಕ್ಕ ಬಜೆಟ್ಟಿನ ಸಿನಿಮಾ. ನಿರ್ದೇಶಕ ಬೆಂಗಳೂರಿನಲ್ಲಿ ಬೆಳೆದ ಹುಡುಗ, ಮೂಲ ಮಾತ್ರ ಕೊಡಗು. ನನ್ನ ಕೆಲಸ ಇಷ್ಟೇ: ಸ್ಕ್ರಿಪ್ಟ್ ಓದುವುದು, ನಮ್ಮ ಕಡೆ ಹೀಗೆ ನಡೆಯುತ್ತದೋ ಇಲ್ಲವೋ ಹೇಳುವುದು. ಸಿನಿಮಾದ ಹೆಸರು, ತಂಡದವರ ಹೆಸರು ಇಲ್ಲಿ ಬೇಡ. ಪಾತ್ರಗಳನ್ನು ಅಣ್ಣ, ತಮ್ಮ, ಅಕ್ಕ ಎಂದೇ ಕರೆಯುತ್ತೇನೆ. ಸಿನಿಮಾದಲ್ಲಿ ಮನೆಯೊಳಗಿನ ಮಾತೆಲ್ಲ ಅರೆಭಾಷೆಯಲ್ಲಿ, ಅಂದರೆ ಕೊಡಗಿನ ಗೌಡರ ಮನೆಮಾತಿನಲ್ಲಿದೆ. ಇಲ್ಲಿ ಮಾಮೂಲಿ ಕನ್ನಡದಲ್ಲೇ ಕೊಡುತ್ತೇನೆ.

ಕಥೆಯ ಮನೆ ಸುಂಟಿಕೊಪ್ಪದಿಂದ ಮಾದಾಪುರಕ್ಕೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ. ಅರೆಭಾಷೆ ಗೌಡರ ಕುಟುಂಬ. ರೊಬಸ್ಟಾ ಕಾಫಿ ತೋಟ, ಸಿಲ್ವರ್ ಮರಗಳಿಗೆ ಹಬ್ಬಿಸಿದ ಕಾಳುಮೆಣಸು, ಕೆಳಗೆ ಎರಡು ಎಕರೆ ಗದ್ದೆ, ತೋಟದ ಮಧ್ಯೆ ಒಂದು ಕೆರೆ. ಒಂದೇ ಅಂಗಳಕ್ಕೆ ಎರಡು ಮನೆ. ಹಳೆಯದರಲ್ಲಿ ಅಣ್ಣ, 1997ರಲ್ಲಿ ಕಟ್ಟಿದ ಹೊಸದರಲ್ಲಿ ತಮ್ಮ. ಅಕ್ಕ ಇಬ್ಬರಿಗೂ ದೊಡ್ಡವಳು. 1988ರಲ್ಲಿ ಮದುವೆಯಾಗಿ ಮೈಸೂರಿಗೆ ಹೋದವಳು.

ಜಗಳ ಶುರುವಾದದ್ದು

ಮೊದಲ ಕರಡಿನಲ್ಲಿ ಜಗಳಕ್ಕೆ ಕಾರಣ ಬಡತನ. ಸಾಲ ಆಯ್ತು, ಮನೆ ಒಡೆಯಿತು ಎಂದಿತ್ತು. ನನಗೆ ಅದು ಸರಿ ಕಾಣಲಿಲ್ಲ. ಕೊಡಗಿನ ತೋಟದ ಮನೆಗಳಲ್ಲಿ ದುಡ್ಡಿಲ್ಲದ ಕಾಲಕ್ಕಿಂತ ದುಡ್ಡು ಬಂದ ಕಾಲದಲ್ಲೇ ಒಲೆ ಬೇರೆಯಾದದ್ದು ಜಾಸ್ತಿ. ಅದಕ್ಕೊಂದು ಕಾಲವೂ ಇದೆ.

1940ರ ದಶಕದಿಂದ ಕಾಫಿ ಬೆಳೆಗಾರ ತನ್ನ ಕಾಫಿಯನ್ನು ಕಾಫಿ ಬೋರ್ಡಿನ ಪೂಲ್‌ಗೆ, ಅಂದರೆ ಎಲ್ಲರ ಕಾಫಿ ಸೇರುವ ಒಂದೇ ರಾಶಿಗೆ, ಕೊಡಬೇಕಿತ್ತು. ಬೋರ್ಡು ಮಾರಿ, ದುಡ್ಡನ್ನು ಕಂತುಕಂತಾಗಿ ಕೊಡುತ್ತಿತ್ತು. ಕೊನೆಯ ಕಂತು ಬರುವಷ್ಟರಲ್ಲಿ ಮುಂದಿನ ಕೊಯ್ಲು ಮುಗಿದಿರುತ್ತಿತ್ತು. ಗೊಣಗಾಟ ಇತ್ತು, ಆದರೆ ಮುಚ್ಚುಮರೆ ಕಷ್ಟ. ರೇಟು ಬೋರ್ಡಿನದು, ಎಲ್ಲರಿಗೂ ಗೊತ್ತಿರುವುದು. 1990ರ ದಶಕದ ಮೊದಲ ವರ್ಷಗಳಲ್ಲಿ ಈ ಪದ್ಧತಿ ಹಂತಹಂತವಾಗಿ ಸಡಿಲವಾಯಿತು. 1996ರ ಹೊತ್ತಿಗೆ ಬೆಳೆಗಾರ ಯಾರಿಗೆ ಬೇಕಾದರೂ, ಯಾವಾಗ ಬೇಕಾದರೂ ಮಾರಬಹುದಾಯಿತು. ಇದರ ಮಧ್ಯೆಯೇ 1994ರಲ್ಲಿ ಬ್ರೆಜಿಲ್‌ನಲ್ಲಿ ಇಬ್ಬನಿ ಹೆಪ್ಪುಗಟ್ಟಿ ಕಾಫಿ ಗಿಡಗಳು ಸುಟ್ಟವು. ಜಗತ್ತಿನ ಮಾರುಕಟ್ಟೆಯಲ್ಲಿ ಬೆಲೆ ಹಾರಿತು. ಸಾವಿರಾರು ಮೈಲಿ ಆಚೆಯ ಚಳಿ ಇಲ್ಲಿ ಮಾರುತಿ ಕಾರಾಗಿ, ಜೀಪಾಗಿ, ಮಹಡಿ ಮನೆಯಾಗಿ ಬಂತು.

ನಿರ್ದೇಶಕನಿಗೆ ಇದನ್ನು ಹೇಳಿದಾಗ ಅವನು ಕೇಳಿದ ಪ್ರಶ್ನೆ ಒಳ್ಳೆಯದಿತ್ತು. "ಸರಿ, ದುಡ್ಡು ಬಂತು. ಅದರಲ್ಲಿ ತಮ್ಮನಿಗೆ ನೋವಾಗಿದ್ದು ಎಲ್ಲಿ?" ಜೀಪು ಕೊಂಡದ್ದಕ್ಕೆ ಎಂದರೆ ಹೊಟ್ಟೆಕಿಚ್ಚು ಆಗುತ್ತದೆ. ಕೊನೆಗೆ ಉಳಿದದ್ದು ಹೀಗೆ: ಮನೆಯ ಚೆರಿ, ಅಂದರೆ ಒಣಗಿಸಿದ ಕಾಫಿ ಹಣ್ಣು, ಮಾರಿದ್ದು ಅಣ್ಣ. ತಮ್ಮ "ಎಷ್ಟಕ್ಕೆ ಹೋಯ್ತು?" ಎಂದು ಕೇಳಿದಾಗ ಒಂದು ರೇಟು ಹೇಳಿದ. ಅಣ್ಣನ ಲೆಕ್ಕದಲ್ಲಿ ಅದು ಮೋಸ ಅಲ್ಲ. ಹಳೆಯ ಸಾಲವೊಂದು ತೀರಿಸುವುದಿತ್ತು, ಅಪ್ಪ ಮಾಡಿದ ಸಾಲ. ತಮ್ಮನಿಗೆ ಯಾಕೆ ಹೇಳಿ ತಲೆಕೆಡಿಸುವುದು ಎಂದುಕೊಂಡ. ತಮ್ಮ ಭಾನುವಾರ ಸುಂಟಿಕೊಪ್ಪದ ಅಂಗಡಿಯೊಂದರಲ್ಲಿ ನಿಂತಿದ್ದಾಗ ವ್ಯಾಪಾರಿಯ ಗುಮಾಸ್ತ ಮಾತಿಗೆ ಮಾತು ಬಂದು ನಿಜವಾದ ರೇಟು ಹೇಳಿಬಿಟ್ಟ. ಅಷ್ಟೇ. ತಮ್ಮ ಅಂಗಡಿಯವನ ಎದುರು "ಹೌದಾ" ಎಂದು ತಲೆಯಾಡಿಸಿ, ತನಗೆ ಮೊದಲೇ ಗೊತ್ತಿದ್ದವನ ಹಾಗೆ ಸಕ್ಕರೆ ಕಟ್ಟಿಸಿಕೊಂಡು ಮನೆಗೆ ಬರುತ್ತಾನೆ. ಇಡೀ ಸಿನಿಮಾದಲ್ಲಿ ನನಗೆ ತುಂಬ ಇಷ್ಟವಾದ ದೃಶ್ಯ ಅದು. ಅವಮಾನ ಆದದ್ದು ಮನೆಯಲ್ಲಿ ಅಲ್ಲ, ಗುಮಾಸ್ತನ ಎದುರು.

1997ರಲ್ಲಿ ಊರಿನ ನಾಲ್ಕು ಜನ ಕೂತು ಬಿಳಿ ಹಾಳೆಯಲ್ಲಿ ಪಾಲು ಬರೆದರು. ನೋಂದಣಿ ಮಾಡಿಸಲಿಲ್ಲ. ಅಕ್ಕನನ್ನು ಕರೆಯಲೂ ಇಲ್ಲ. ಇದು ಆಮೇಲೆ ಬರುತ್ತದೆ.

ಮಾತು ಬಿಡುವುದಕ್ಕೂ ನಿಯಮಗಳಿವೆ

ದೂರವಾದ ಕುಟುಂಬದ ಸಿನಿಮಾ ಅಂದರೆ ಖಾಲಿ ಕುರ್ಚಿ, ಹಳೆ ಫೋಟೋ, ಮೌನ ಎಂದು ಹೊಸಬರು ಅಂದುಕೊಳ್ಳುತ್ತಾರೆ. ಒಂದೇ ಅಂಗಳದಲ್ಲಿ ಇದ್ದು ಮಾತು ಬಿಟ್ಟವರಿಗೆ ಸುಮ್ನೆ ಮೌನವಾಗಿರಲು ಆಗುವುದಿಲ್ಲ. ದಿನಕ್ಕೆ ಹತ್ತು ವ್ಯವಹಾರ ಇರುತ್ತದೆ. ಹಸು ಬೇಲಿ ದಾಟುತ್ತದೆ, ಮರ ಬೀಳುತ್ತದೆ, ಕರೆಂಟು ಹೋಗುತ್ತದೆ. ಹಾಗಾಗಿ ಜನ ನಿಯಮ ಮಾಡಿಕೊಳ್ಳುತ್ತಾರೆ. ಯಾರೂ ಕೂತು ಮಾಡಿದ ನಿಯಮ ಅಲ್ಲ. ಆದರೆ ಎಲ್ಲರೂ ಪಾಲಿಸುತ್ತಾರೆ.

ಈ ಕಥೆಯಲ್ಲಿ ಮೊದಲ ನಿಯಮ ಮೇಸ್ತ್ರಿ. ಎರಡೂ ತೋಟಕ್ಕೆ ಒಬ್ಬನೇ ಮೇಸ್ತ್ರಿ. ಅಣ್ಣ ತಮ್ಮ ಇಬ್ಬರೂ ಹತ್ತು ಅಡಿ ದೂರದಲ್ಲಿ ನಿಂತು ಅವನಿಗೆ ಹೇಳುತ್ತಾರೆ. "ಆ ಕಡೆಯ ಕೊಂಬೆ ನಮ್ಮ ಲೈನಿನ ಮೇಲೆ ಬಂದಿದೆ ಅಂತ ಹೇಳು." ಹೇಳಬೇಕಾದವನಿಗೆ ಆಗಲೇ ಕೇಳಿಸಿರುತ್ತದೆ. ಆದರೂ ಮೇಸ್ತ್ರಿ ತಿರುಗಿ ಹೇಳಬೇಕು. ಹೇಳದೆ ಉತ್ತರ ಬರುವುದಿಲ್ಲ. ನಗು ಬರುವ ದೃಶ್ಯ, ಆದರೆ ಕೊಡಗಿನವರು ನಗುವುದಕ್ಕಿಂತ ಮುಂಚೆ ಯಾರನ್ನೋ ನೆನಪಿಸಿಕೊಳ್ಳುತ್ತಾರೆ.

ಎರಡನೆಯದು ಸೂತಕ. ಮಾತಿಲ್ಲ, ಹೋಗಿಬರುವುದಿಲ್ಲ, ಆದರೆ ದಾಯಾದಿ ಸತ್ತರೆ ಸೂತಕ ಎರಡೂ ಮನೆಗೆ. ಅಷ್ಟು ದಿನ ಎರಡೂ ಮನೆಯಲ್ಲಿ ದೇವರ ದೀಪ ಇಲ್ಲ. ಜಗಳದಿಂದ ಸೂತಕ ಕಳೆಯುವುದಿಲ್ಲ.

ಮೂರನೆಯದು ಮದುವೆ. 2009ರಲ್ಲಿ ಅಣ್ಣನ ಮಗಳ ಮದುವೆ. ಕಾರ್ಡನ್ನು ಅಣ್ಣನ ಹೆಂಡತಿಯ ತಮ್ಮ ತಂದು ಕೊಡುತ್ತಾನೆ. ಕಾರ್ಡಿನಲ್ಲಿ ಚಿಕ್ಕಪ್ಪನ ಹೆಸರಿಲ್ಲ. ತಮ್ಮನ ಮನೆಯವರು ಹೋಗುತ್ತಾರೆ, ಅಕ್ಷತೆ ಹಾಕುತ್ತಾರೆ, ಮುಯ್ಯಿ ಕವರು ಕೊಡುತ್ತಾರೆ, ಊಟ ಮಾಡದೆ ಬರುತ್ತಾರೆ. ಊಟ ಮಾಡಲಿಲ್ಲ ಎನ್ನುವುದನ್ನು ಇಡೀ ಊರು ಗಮನಿಸುತ್ತದೆ.

ನಾಲ್ಕನೆಯದು ನಿರ್ದೇಶಕನ ಅಮ್ಮ ಕೊಟ್ಟದ್ದು, ಚಿತ್ರದ ಬೆನ್ನೆಲುಬು ಅದೇ ಆಯಿತು. ಕಾಚಂಪುಳಿಯ ಬಾಟ್ಲಿ. ಮಳೆಗಾಲದಲ್ಲಿ ಹಣ್ಣಾಗಿ ಬೀಳುವ ಕಾಚಂಪುಳಿಯನ್ನು ಆರಿಸಿ ತಂದು, ರಸ ಇಳಿಸಿ, ದೊಡ್ಡ ಪಾತ್ರೆಯಲ್ಲಿ ಕುದಿಸಿ ಕುದಿಸಿ ಕಪ್ಪಗೆ ಗಟ್ಟಿ ಮಾಡುತ್ತಾರೆ. ಹಂದಿ ಮಾಂಸದ ಪಂದಿಕರಿಗೆ, ಮೀನಿಗೆ ಅದಿಲ್ಲದೆ ಆಗುವುದಿಲ್ಲ. ಮರ ಇರುವುದು ಅಣ್ಣನ ಪಾಲಿನಲ್ಲಿ. ಪ್ರತಿ ವರ್ಷ ಅಣ್ಣನ ಹೆಂಡತಿ ಒಂದು ಬಾಟ್ಲಿ ತುಂಬಿಸಿ ಮೇಸ್ತ್ರಿಯ ಕೈಯಲ್ಲಿ ಆ ಮನೆಗೆ ಕಳಿಸುತ್ತಾಳೆ. ಬಾಟ್ಲಿ ವಾಪಸ್ ಬರುವಾಗ ಖಾಲಿ ಬರುವುದಿಲ್ಲ. ಒಮ್ಮೆ ಜೇನು, ಒಮ್ಮೆ ಕಾಳುಮೆಣಸು, ಏನೂ ಇಲ್ಲದಿದ್ದರೆ ತಳದಲ್ಲಿ ಒಂದು ಹಿಡಿ ಸಕ್ಕರೆ. ಇಬ್ಬರು ಓರಗಿತ್ತಿಯರೂ ಗಂಡಂದಿರಿಗೆ ಇದನ್ನು ಹೇಳುವುದಿಲ್ಲ. ಗಂಡಂದಿರು ಊಟ ಮಾಡುತ್ತಾರೆ, ಹುಳಿ ಎಲ್ಲಿಂದ ಬಂತು ಎಂದು ಕೇಳುವುದಿಲ್ಲ. ಕೇಳದಿರುವುದೂ ನಿಯಮವೇ.

ಚಿತ್ರಕಥೆಯ ವಿಷಯದಲ್ಲಿ ನನ್ನದು ಒಂದೇ ಹಟವಿತ್ತು. ನಿಯಮಗಳನ್ನು ಮೊದಲು ಪೂರ್ತಿ ತೋರಿಸಬೇಕು. ನಿಯಮ ಗೊತ್ತಿದ್ದರೆ ಮಾತ್ರ ಅದು ಎಲ್ಲಿ ಸಡಿಲವಾಯಿತು ಎಂದು ನೋಡುವವರಿಗೆ ಕಾಣುತ್ತದೆ. ಆಗ ಅಳು, ಅಪ್ಪುಗೆ, ಕ್ಷಮೆ ಯಾವುದೂ ಬೇಕಾಗುವುದಿಲ್ಲ.

ಮೂರು ಕರಡುಗಳು ಬಿದ್ದ ಬಗೆ

ಅಮ್ಮನ ಸಾವಿನ ಕರಡಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸಾಯುವ ಮುದುಕಿ ಇಬ್ಬರು ಮಕ್ಕಳ ಕೈ ಸೇರಿಸುತ್ತಾಳೆ. ಮೂರನೇ ದಿನಕ್ಕೆ ಕೈ ಬಿಟ್ಟುಹೋಗುತ್ತದೆ ಎಂದು ಎಲ್ಲರಿಗೂ ಗೊತ್ತು.

ಎರಡನೆಯ ಕರಡಿನಲ್ಲಿ 2018ರ ಆಗಸ್ಟ್ ಇತ್ತು. ಆ ವಾರ ಏನಾಯಿತು ಎಂದು ಕೊಡಗಿನಲ್ಲಿ ವಿವರಿಸಬೇಕಿಲ್ಲ. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡಗಳೇ ಜಾರಿದವು. ಮಡಿಕೇರಿಯಿಂದ ಮಂಗಳೂರಿಗೆ ಹೋಗುವ ಹೆದ್ದಾರಿ ಕುಸಿಯಿತು. ಶಾಲೆಗಳು, ಕಲ್ಯಾಣಮಂಟಪಗಳು ಪರಿಹಾರ ಕೇಂದ್ರಗಳಾದವು. ಕರಡಿನಲ್ಲಿ ಅಣ್ಣ ತಮ್ಮ ಒಂದೇ ಕೇಂದ್ರದಲ್ಲಿ ಪಕ್ಕಪಕ್ಕದ ಚಾಪೆಯಲ್ಲಿ ಮಲಗುತ್ತಾರೆ, ರಾತ್ರಿ ಮಾತು ಶುರುವಾಗುತ್ತದೆ.

ಆ ರಾತ್ರಿಗಳಲ್ಲಿ ಮಾತು ಬಿಟ್ಟವರು ಮಾತಾಡಿದ್ದು ನಿಜವೇ. ನನ್ನ ತಕರಾರು ಅದರ ಮುಂದಿನ ತಿಂಗಳುಗಳ ಬಗ್ಗೆ. ಪರಿಹಾರದ ಅರ್ಜಿ ಬಂತು ಅಂದರೆ ಆರ್‌ಟಿಸಿ (ಪಹಣಿ) ಬರುತ್ತದೆ. ಯಾರ ಹೆಸರಿನಲ್ಲಿದೆ ಎಂದು ಕೇಳುತ್ತಾರೆ. ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬರುವ ಜಮ್ಮಾ ಜಮೀನಿನ ಆರ್‌ಟಿಸಿಯಲ್ಲಿ ಸತ್ತುಹೋದ ತಾತಂದಿರ, ಪಟ್ಟೆದಾರರ (ಕುಟುಂಬದ ಹಿರಿಯರ) ಹೆಸರೇ ಇನ್ನೂ ಕೂತಿರುವುದು ಹೊಸ ವಿಷಯವೇನಲ್ಲ. ವಂಶವೃಕ್ಷ ತನ್ನಿ, ಉಳಿದವರ ಒಪ್ಪಿಗೆ ಪತ್ರ ತನ್ನಿ ಎಂದು ಓಡಾಟ ಶುರುವಾಗುತ್ತದೆ. ಚಾಪೆಯ ಮೇಲೆ ಮೆತ್ತಗಾದ ಮನಸ್ಸು ತಾಲ್ಲೂಕು ಕಚೇರಿಯ ಮುಂದೆ ಮತ್ತೆ ಗಟ್ಟಿಯಾಗುತ್ತದೆ. ಅದನ್ನು ತೋರಿಸದೆ ಗುಡ್ಡ ಕುಸಿತವನ್ನು ರಾಜಿಗೆ ಬಳಸಿದರೆ ಅದು ಸುಳ್ಳು. ತೋರಿಸಿದರೆ ಅದು ಬೇರೆಯೇ ಸಿನಿಮಾ. ನಿರ್ದೇಶಕ ಒಪ್ಪಿದ. 2018 ಈಗ ಚಿತ್ರದಲ್ಲಿ ಒಂದೇ ಶಾಟ್: ತಮ್ಮನ ಕಡೆಯ ಇಳಿಜಾರಿನಲ್ಲಿ ಕಾಫಿ ಗಿಡಗಳ ಮಧ್ಯೆ ಮಣ್ಣು ಬಾಯಿಬಿಟ್ಟ ಒಂದು ಗೆರೆ.

ಮೂರನೆಯ ಕರಡು ಕೊಡಗಿನ ಸುಗ್ಗಿ ಹಬ್ಬ ಹುತ್ತರಿಯದು. ನಿರ್ಮಾಪಕರಿಗೆ ಇದರ ಮೇಲೆ ಬಹಳ ಆಸೆ. ನೋಡಲು ಚೆಂದ ಅಲ್ವಾ? ಹುಣ್ಣಿಮೆಯ ರಾತ್ರಿ, ಗದ್ದೆಗೆ ಮೆರವಣಿಗೆ, ಕೋವಿಯ ಗುಂಡು, "ಪೊಲಿ ಪೊಲಿ ದೇವಾ" ಎಂಬ ಕೂಗು, ಹೊಸ ಭತ್ತದ ಕದಿರು ಹೊತ್ತು ಕುಟುಂಬದ ಮೂಲ ಮನೆಯಾದ ಐನ್‌ಮನೆಗೆ ಬರುವುದು, ತಂಬಿಟ್ಟು. ಆ ರಾತ್ರಿ ಕುಟುಂಬ ಸೇರಲೇಬೇಕು, ಸೇರಿದರೆ ಮಾತಾಡಲೇಬೇಕು ಎಂಬ ಲೆಕ್ಕ.

ಸೇರಲೇಬೇಕು ಎನ್ನುವುದೇ ಇಲ್ಲಿ ತೊಡಕು. ಕದಿರು ತೆಗೆಯುವ ಮುಹೂರ್ತ ಕಕ್ಕಬ್ಬೆಯ ಪಾಡಿ ಇಗ್ಗುತಪ್ಪ ದೇವಸ್ಥಾನದಲ್ಲಿ ನಿಶ್ಚಯವಾಗಿರುತ್ತದೆ. ಗಂಟೆ ನಿಮಿಷ ಸಮೇತ. ನಿಮಗೆ ಮನಸ್ಸಿದೆಯೋ ಇಲ್ಲವೋ ಹಬ್ಬ ಕೇಳುವುದಿಲ್ಲ. ಇಪ್ಪತ್ತೇಳು ವರ್ಷ ಅಣ್ಣ ತಮ್ಮ ಇಬ್ಬರೂ ಪ್ರತಿ ಹುತ್ತರಿಗೆ ಗದ್ದೆಗೆ ಹೋಗಿದ್ದಾರೆ. ಅಣ್ಣ ಕದಿರು ಕೊಯ್ಯುತ್ತಾನೆ, ಪಕ್ಕದವರ ಕೈಗೆ ಕೊಡುತ್ತಾನೆ, ಅವರು ತಮ್ಮನಿಗೆ ಕೊಡುತ್ತಾರೆ. ಇಬ್ಬರೂ ಕೂಗುತ್ತಾರೆ. ದೇವರನ್ನು ಕರೆಯಲು ಗಂಟಲು ಬರುತ್ತದೆ, ಪಕ್ಕದಲ್ಲಿ ನಿಂತವನನ್ನು ಕರೆಯಲು ಬರುವುದಿಲ್ಲ. ಆಚರಣೆ ಇವರನ್ನು ಒಟ್ಟಿಗೆ ನಿಲ್ಲಿಸುತ್ತದೆ, ಅದರಿಂದಲೇ ರಾಜಿ ಮಾಡಿಕೊಳ್ಳುವ ಒತ್ತಡ ಇಲ್ಲವಾಗುತ್ತದೆ. ಹಾಗಾಗಿ ಹುತ್ತರಿಯ ದೃಶ್ಯ ಉಳಿಯಿತು, ಜಾಗ ಬದಲಾಯಿತು. ಕೊನೆಯಲ್ಲಿದ್ದದ್ದು ಮೊದಲಿಗೆ ಬಂತು. ರಾಜಿಯ ದೃಶ್ಯವಾಗಿ ಬರೆದದ್ದು ದೂರವನ್ನು ಅಳೆಯುವ ದೃಶ್ಯವಾಯಿತು. ನಿರ್ಮಾಪಕರಿಗೆ ಅವರ ಗುಂಡಿನ ಸದ್ದೂ ಸಿಕ್ಕಿತು.

ಅಕ್ಕನ ಸಹಿ

ಮೂರು ಕರಡಿನಲ್ಲೂ ಅಕ್ಕ ಅಡುಗೆಮನೆಯಲ್ಲಿ ಕಣ್ಣೀರು ಒರೆಸುವವಳು. ಆಸ್ತಿಯ ಮಾತಿನಲ್ಲಿ ಅವಳಿಲ್ಲ. 2024ರಲ್ಲಿ ನಡೆಯುವ ಕಥೆಯಲ್ಲಿ ಇದು ಬರೀ ಹಳೆಯ ಕಾಲದ ಯೋಚನೆಯಲ್ಲ, ಕಾನೂನಿನ ತಪ್ಪು ಕೂಡ.

ಕರ್ನಾಟಕದಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಆದ 1994ರ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದ ಹಕ್ಕು ಕೊಟ್ಟಿತು. ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 1988ರಲ್ಲಿ ಮದುವೆಯಾದ ನಮ್ಮ ಅಕ್ಕ ಹೊರಗೆ. 2005ರ ಕೇಂದ್ರ ತಿದ್ದುಪಡಿಯಲ್ಲಿ ಆ ಭೇದ ಹೋಯಿತು. ಅಕ್ಕ ಒಳಗೆ. 2005ರಲ್ಲಿ ಅಪ್ಪ ಬದುಕಿರಬೇಕಿತ್ತೇ ಎಂಬ ಗೊಂದಲವನ್ನು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಬಗೆಹರಿಸಿತು: ಬದುಕಿರಬೇಕಿಲ್ಲ. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಣಿಯಾದ ಪಾಲು, ಕೋರ್ಟಿನ ಡಿಕ್ರಿಯ ಪಾಲು ಮಾತ್ರ ಮುಟ್ಟುವಂತಿಲ್ಲ. ಬಿಳಿ ಹಾಳೆಯ ಪಾಲಿಗೆ ಸಾಮಾನ್ಯವಾಗಿ ಆ ರಕ್ಷಣೆ ಇಲ್ಲ. ಅಂದರೆ 1997ರಲ್ಲಿ ನಾಲ್ಕು ಜನ ಕೂತು ಬರೆದದ್ದರಿಂದ ಅಣ್ಣ ತಮ್ಮಂದಿರ ಮಾತು ನಿಂತಿತು, ಆಸ್ತಿ ಮಾತ್ರ ಭಾಗವಾಗಲಿಲ್ಲ.

ಈಗ ಯಾಕೆ ಇದು ಎದ್ದಿತು? ಮತ್ತೆ ಕಾಫಿ ಬೆಲೆ. 2000ದ ಆಸುಪಾಸಿನಲ್ಲಿ ನೆಲಕಚ್ಚಿದ್ದ ರೊಬಸ್ಟಾ ಏರಿ ಏರಿ 2024ರಲ್ಲಿ 50 ಕೆಜಿ ಚೆರಿ ಮೂಟೆಗೆ 10,000 ರೂಪಾಯಿ ದಾಟಿತು. ತಮ್ಮನ ಮಗನಿಗೆ ಬ್ಯಾಂಕ್ ಸಾಲ ಬೇಕು. ಬ್ಯಾಂಕಿಗೆ ನೋಂದಣಿಯಾದ ವಿಭಾಗಪತ್ರ ಬೇಕು. ವಿಭಾಗಪತ್ರಕ್ಕೆ ಮೂರು ಸಹಿ ಬೇಕು.

ಇಲ್ಲಿ ನಿರ್ದೇಶಕ ಬರೆದದ್ದು: ಅಕ್ಕ ನಕ್ಕು, ನನಗೇನೂ ಬೇಡ, ನೀವಿಬ್ಬರೂ ಚೆನ್ನಾಗಿದ್ದರೆ ಸಾಕು ಎಂದು ಹಕ್ಕು ಬಿಟ್ಟುಕೊಡುತ್ತಾಳೆ. ನಾನು ಓದಿ ಪುಸ್ತಕ ಮುಚ್ಚಿಟ್ಟೆ. ತ್ಯಾಗಮಯಿ ಅಕ್ಕಂದಿರಿಂದ ನಮ್ಮ ಸಿನಿಮಾ ಎಷ್ಟು ಸುಲಭದಲ್ಲಿ ಕಥೆ ಮುಗಿಸಿಕೊಂಡಿದೆ! ತಂಡದಲ್ಲಿದ್ದ ಸಹಾಯಕ ನಿರ್ದೇಶಕಿ ನನಗಿಂತ ಖಾರವಾಗಿ ಹೇಳಿದಳು. ಮುಂದಿನ ಆವೃತ್ತಿಯಲ್ಲಿ ಅಕ್ಕ ಪಾಲು ಕೇಳಿದಳು. ಅದೂ ತೋಟ ಅಲ್ಲ. ಎರಡು ಎಕರೆ ಗದ್ದೆ. ಹುತ್ತರಿಯ ಕದಿರು ತೆಗೆಯುವ ಗದ್ದೆ. ತೋಟದ ಲೆಕ್ಕದಲ್ಲಿ ಅದಕ್ಕೆ ಬೆಲೆ ಕಡಿಮೆ, ತಮ್ಮಂದಿರು ತಟ್ಟನೆ ಒಪ್ಪಿದರು. ಒಪ್ಪಿದ ಮೇಲೆ ಅವರಿಗೆ ಹೊಳೆಯಿತು: ಇನ್ನು ಪ್ರತಿ ವರ್ಷ ಕದಿರಿಗೆ ಅವಳನ್ನು ಕೇಳಬೇಕು.

ನೋಂದಣಿ ಕಚೇರಿಯ ದೃಶ್ಯ ಚಿತ್ರದಲ್ಲಿ ನಾಲ್ಕು ನಿಮಿಷ ಇದೆ. ಮೂವರೂ ಒಂದೇ ಬೆಂಚಿನಲ್ಲಿ, ಮಧ್ಯೆ ಅಕ್ಕ. ಸರ್ವರ್ ಇಲ್ಲ. ಕಾವೇರಿ ಹುಟ್ಟುವ ಜಿಲ್ಲೆಯಲ್ಲಿ ಕೂತು "ಕಾವೇರಿ ಬರ್ತಿಲ್ಲ ಸಾರ್" ಎಂದು ಗುಮಾಸ್ತ ಹೇಳುವುದು ಸಿನಿಮಾದ ಜೋಕು. ನೋಂದಣಿ ಇಲಾಖೆಯ ತಂತ್ರಾಂಶದ ಹೆಸರು ಕಾವೇರಿ. ಹೆಬ್ಬೆಟ್ಟು ಇಡುವಾಗ ತಮ್ಮನ ಬೆರಳು ಯಂತ್ರಕ್ಕೆ ಹಿಡಿಯುವುದಿಲ್ಲ, ತೋಟದ ಕೆಲಸಕ್ಕೆ ಗೆರೆ ಸವೆದಿದೆ. ಅಣ್ಣ ಜೇಬಿನಿಂದ ಕರವಸ್ತ್ರ ತೆಗೆದು ಅಕ್ಕನ ಕೈಗೆ ಕೊಡುತ್ತಾನೆ, ಅಕ್ಕ ತಮ್ಮನಿಗೆ ಕೊಡುತ್ತಾಳೆ. ಸಹಿ ಆಯಿತು. ಕಾಗದ ಸರಿಯಾಯಿತು. ಬಾಯಿ ತೆರೆಯಲಿಲ್ಲ.

ಆ ಸಂಜೆಯೇ ಕಾಚಂಪುಳಿ ಬಾಟ್ಲಿ ತಮ್ಮನ ಮನೆಯಿಂದ ಖಾಲಿ ವಾಪಸ್ ಬರುತ್ತದೆ. ಕಾಗದದ ಪ್ರಕಾರ ಕೆರೆ ಪೂರ್ತಿ ಅಣ್ಣನ ಪಾಲಿಗೆ ಹೋಗಿದೆ ಎಂದು ತಮ್ಮನ ಹೆಂಡತಿಗೆ ಮಧ್ಯಾಹ್ನ ಗೊತ್ತಾಗಿದೆ.

ನೀರು

ಇದು ಬರೀ ಕಥೆಗೆ ಕಟ್ಟಿದ ತಿರುವಲ್ಲ. ವಿಭಾಗಪತ್ರ ಬರೆಸುವಾಗ ದಾರಿ ಮತ್ತು ನೀರಿನ ಹಕ್ಕನ್ನು ಬೇರೆಯಾಗಿ ಬರೆಸದಿದ್ದರೆ ಆಮೇಲೆ ಗೋಳು ತಪ್ಪಿದ್ದಲ್ಲ. ಎಕರೆ ಲೆಕ್ಕ ಹಾಕುವ ಭರದಲ್ಲಿ ಜನ ಇದನ್ನೇ ಮರೆಯುತ್ತಾರೆ. ಬಿಳಿ ಹಾಳೆಯ ಕಾಲದಲ್ಲಿ ಕೆರೆ ಯಾರದೂ ಆಗಿರಲಿಲ್ಲ. ಇಬ್ಬರೂ ಬೇರೆ ಬೇರೆ ಹೊತ್ತಿನಲ್ಲಿ ನೀರು ಎಳೆಯುತ್ತಿದ್ದರು. ಕಾಗದ ಸರಿಮಾಡಿದ ಮೇಲೆ ತಮ್ಮನಿಗೆ ನೀರಿಲ್ಲ.

ಅದೂ ಎಂಥ ವರ್ಷ. 2023ರ ಮುಂಗಾರು ಕೈಕೊಟ್ಟಿತ್ತು. 2024ರ ಮಾರ್ಚ್ ಬಂದರೂ ಮೋಡ ಇಲ್ಲ. ರೊಬಸ್ಟಾಕ್ಕೆ ಆ ಹೊತ್ತಿನಲ್ಲಿ ಹೂಮಳೆ ಬೇಕು. ಮೊಗ್ಗು ಗಿಡದಲ್ಲಿ ಕೂತಿರುತ್ತದೆ, ಒಂದಿಂಚಿಗಿಂತ ಸ್ವಲ್ಪ ಜಾಸ್ತಿ ನೀರು ಬಿದ್ದರೆ ಸುಮಾರು ಎಂಟೊಂಬತ್ತು ದಿನಕ್ಕೆ ಇಡೀ ತೋಟ ಬೆಳ್ಳಗಾಗುತ್ತದೆ. ಮಳೆ ಬರದಿದ್ದರೆ ಸ್ಪ್ರಿಂಕ್ಲರ್. ಅದೂ ಇಲ್ಲದಿದ್ದರೆ ಮೊಗ್ಗು ಒಣಗುತ್ತದೆ, ಮುಂದಿನ ವರ್ಷದ ಬೆಳೆ ಹೋದ ಹಾಗೆ. ಮೂಟೆಗೆ 10,000 ಇರುವ ವರ್ಷದಲ್ಲಿ!

ಅಣ್ಣ ತನ್ನ ತೋಟಕ್ಕೆ ನೀರು ಹೊಡೆದು ಮುಗಿಸುತ್ತಾನೆ. ಅಂಗಳದ ಆಚೆ ತಮ್ಮನ ಗಿಡಗಳ ಎಲೆ ಇಳಿಬಿದ್ದಿದೆ. ಒಂದು ಸಂಜೆ ಅಣ್ಣ ಮೇಸ್ತ್ರಿಗೆ ಹೇಳುತ್ತಾನೆ:

"ರಾತ್ರಿ ಹತ್ತರ ಮೇಲೆ ಪಂಪು ಸುಮ್ನೆ ಇರುತ್ತೆ ಅಂತ ಹೇಳು."

ಮೇಸ್ತ್ರಿ ನಿಂತೇ ಇರುತ್ತಾನೆ.

"ಡೀಸೆಲ್ ಅವರದ್ದು."

ನಿರ್ಮಾಪಕರಿಗೆ ಈ ಡೀಸೆಲ್ ಮಾತು ಹಿಡಿಸಲಿಲ್ಲ. ಇಷ್ಟು ದೊಡ್ಡ ಮನಸ್ಸು ಮಾಡಿದವನು ಡೀಸೆಲ್ ಲೆಕ್ಕ ಯಾಕೆ ಹಾಕುತ್ತಾನೆ ಎಂದರು. ನನ್ನ ಪ್ರಕಾರ ಆ ಮಾತಿಲ್ಲದಿದ್ದರೆ ತಮ್ಮ ನೀರು ತೆಗೆದುಕೊಳ್ಳುವುದಿಲ್ಲ. ಬಿಟ್ಟಿ ನೀರು ಉಪಕಾರ ಆಗುತ್ತದೆ, ಉಪಕಾರ ತೆಗೆದುಕೊಂಡರೆ ಸೋತ ಹಾಗೆ. ಡೀಸೆಲ್ ತಾನೇ ಹಾಕಿದರೆ ಅದು ವ್ಯವಹಾರ. ಅಣ್ಣನಿಗೆ ತಮ್ಮನ ಸ್ವಭಾವ ಗೊತ್ತು. ಇಪ್ಪತ್ತೇಳು ವರ್ಷದ ಮೇಲೂ ಗೊತ್ತು ಎನ್ನುವುದು ಆ ಒಂದು ಮಾತಿನಲ್ಲಿದೆ. ಜಗಳದ ದಿನ ತಮ್ಮನಿಗೆ ಹೇಳದೆ ತಾನೇ ಲೆಕ್ಕ ನಿರ್ಧರಿಸಿದವನು ಈಗ ಲೆಕ್ಕವನ್ನು ಎದುರಿಗಿಡುತ್ತಿದ್ದಾನೆ. ಇದನ್ನು ಯಾವ ಪಾತ್ರವೂ ಬಾಯಿಬಿಟ್ಟು ಹೇಳುವುದಿಲ್ಲ.

ನಂತರದ್ದು ಪೈಪಿನ ದೃಶ್ಯ. ಬೆಳಗಿನ ಜಾವ. ರಾತ್ರಿಯಿಡೀ ಸ್ಪ್ರಿಂಕ್ಲರ್ ಟಕ್ ಟಕ್ ಎನ್ನುತ್ತಾ ತಿರುಗಿದೆ. ಕೆರೆಯ ಏರಿಯ ಹತ್ತಿರ ಎರಡು ಪೈಪು ಸೇರುವಲ್ಲಿ ನೀರು ಚಿಮ್ಮಿ ಚರಂಡಿಗೆ ಹೋಗುತ್ತಿದೆ. ಬರಗಾಲದಲ್ಲಿ ನೀರು ಚರಂಡಿಗೆ! ಅಣ್ಣ ಟಾರ್ಚ್ ಹಿಡಿದು ಬಂದು ನೋಡುತ್ತಾನೆ, ಅಭ್ಯಾಸದಂತೆ ಮೇಸ್ತ್ರಿಯನ್ನು ಕೂಗುತ್ತಾನೆ. ಮೇಸ್ತ್ರಿ ಡೀಸೆಲ್ ತರಲು ಹೋಗಿದ್ದಾನೆ. ಅಲ್ಲಿರುವುದು ತಮ್ಮ ಒಬ್ಬನೇ, ಲುಂಗಿ ಎತ್ತಿ ಕಟ್ಟಿ, ಕೆಸರಿನಲ್ಲಿ.

"ಯಾರು ಇದನ್ನ ಜೋಡಿಸಿದ್ದು?"

ಸ್ವಲ್ಪ ಹೊತ್ತು ಬರೀ ಸ್ಪ್ರಿಂಕ್ಲರ್ ಸದ್ದು.

"ನಾನೇ."

"ವಾಷರ್ ಹಾಕಿಲ್ಲ."

"ಹಾಕಿದ್ದೀನಿ. ಹಳೇದು."

"ಹಳೇದು ಹಾಕಿದ್ರೆ ಸೋರದೆ ಏನ್ ಮಾಡುತ್ತೆ?"

ಅಣ್ಣ ಪಂಪ್‌ಶೆಡ್ಡಿನ ಮೊಳೆಗೆ ನೇತುಹಾಕಿದ್ದ ಹಳೆ ಸೈಕಲ್ ಟ್ಯೂಬನ್ನು ಕತ್ತಿಯಿಂದ ಸೀಳಿ ಪಟ್ಟಿ ಮಾಡುತ್ತಾನೆ. ತಮ್ಮ ಪೈಪು ಒತ್ತಿ ಹಿಡಿಯುತ್ತಾನೆ. ಅಣ್ಣ ಸುತ್ತುತ್ತಾನೆ. ಇಬ್ಬರ ಮುಖಕ್ಕೂ ನೀರು ಹೊಡೆಯುತ್ತಿದೆ. "ಬಿಗಿ ಹಿಡಿ." "ಹಿಡಿದಿದ್ದೀನಲ್ಲ." ಸೋರುವುದು ಪೂರ್ತಿ ನಿಲ್ಲುವುದಿಲ್ಲ, ಕಡಿಮೆಯಾಗುತ್ತದೆ. ಅಣ್ಣ ಟಾರ್ಚ್ ಎತ್ತಿಕೊಂಡು ಹೋಗುತ್ತಾನೆ.

ಹೌದು, ಮೊದಲ ಮಾತು ಬೈಗುಳ. ಕೊಡಗಿನ ಗಂಡಸರು, ಅದರಲ್ಲೂ ಅರವತ್ತು ದಾಟಿದವರು, ತಬ್ಬಿಕೊಂಡು ಅಳುವುದನ್ನು ನಾನು ನೋಡಿಲ್ಲ. ಕೆಲಸ ಕೆಟ್ಟಾಗ ರೇಗುವುದನ್ನು ದಿನಾ ನೋಡುತ್ತೇನೆ. ರೇಗುವುದು ಹತ್ತಿರದವರ ಮೇಲೆ ಮಾತ್ರ. ಪರರ ಜೊತೆ ಇವರು ಬಹಳ ಮರ್ಯಾದೆಯವರು.

ಹೂವು ಬಿಡುವುದಕ್ಕೆ ಬೇಕಾಗುವ ಎಂಟೊಂಬತ್ತು ದಿನ ಚಿತ್ರಕಥೆಗೆ ಬಹಳ ಉಪಯೋಗಕ್ಕೆ ಬಂತು. ಪೈಪಿನ ದೃಶ್ಯದ ಮರುದಿನ ಇಬ್ಬರೂ ಮತ್ತೆ ಮೇಸ್ತ್ರಿಯ ಮೂಲಕವೇ ಮಾತಾಡುತ್ತಾರೆ. ನೋಡುವವರಿಗೆ ನಿರಾಸೆ. ಆಮೇಲೆ ದಿನಗಳು ಹೋಗುತ್ತವೆ. ಮಾತು ಹಿಡಿಯಿತೋ ಇಲ್ಲವೋ, ಮೊಗ್ಗು ಹಿಡಿಯಿತೋ ಇಲ್ಲವೋ ಎರಡೂ ಒಟ್ಟಿಗೆ ಗೊತ್ತಾಗಬೇಕು. ಹೂಬಿಟ್ಟ ತೋಟದ ಚಿತ್ರೀಕರಣ ಬಲು ಕಷ್ಟ. ಹೂವು ಚೆನ್ನಾಗಿ ಕಾಣುವುದು ಎರಡು ಮೂರು ದಿನ, ಆಮೇಲೆ ಕಂದು ತಿರುಗುತ್ತದೆ. ತಂಡ ಕ್ಯಾಮೆರಾ ಹಿಡಿದು ಕಾದು ಕೂತಿತ್ತು.

ಇಲ್ಲಿ ನಿರ್ದೇಶಕ ಒಂದು ಮಾತು ಸೇರಿಸಬೇಕೆಂದಿದ್ದ. ರೊಬಸ್ಟಾ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ, ಬೇರೆ ಗಿಡದ ಪರಾಗ ಗಾಳಿಯಲ್ಲೋ ಜೇನಿನ ಕಾಲಿನಲ್ಲೋ ಬರಬೇಕು. ನಿಜವಾದ ವಿಷಯ. ಅದನ್ನು ಮಗನ ಬಾಯಲ್ಲಿ ಹೇಳಿಸಿ, ಬೇಲಿಯ ಕಡೆ ಕ್ಯಾಮೆರಾ ತಿರುಗಿಸುವ ಯೋಚನೆ. ಎಡಿಟಿಂಗ್‌ನಲ್ಲಿ ತೆಗೆದರು. ಪುಣ್ಯ. ಕೃಷಿ ಮಾಹಿತಿಯಂತೆ ಶುರುವಾಗಿ ಪ್ರವಚನದಲ್ಲಿ ಮುಗಿಯುತ್ತಿತ್ತು.

ತೋರಿಸಿದ ಮೇಲೆ

ಸಿನಿಮಾವನ್ನು ಮೊದಲು ಊರಿನವರಿಗೆ ತೋರಿಸಿದರು, ಆಮೇಲೆ ಬೆಂಗಳೂರಿನಲ್ಲಿ. ಎರಡು ಕಡೆಯ ಪ್ರತಿಕ್ರಿಯೆಯಲ್ಲಿ ದೊಡ್ಡ ವ್ಯತ್ಯಾಸ ಕಂಡದ್ದು ಖಾಲಿ ಬಾಟ್ಲಿಯಲ್ಲಿ. ಊರಿನಲ್ಲಿ ಆ ಶಾಟ್ ಬಂದಾಗ ಹೆಂಗಸರ ಸಾಲಿನಿಂದ "ಅಯ್ಯೋ" ಎಂದು ಕೇಳಿಸಿತು. ಬೆಂಗಳೂರಿನಲ್ಲಿ ಯಾರೂ ಅಲುಗಲಿಲ್ಲ. ಬಾಟ್ಲಿ ಖಾಲಿಯಾಗಿದೆ, ವಾಪಸ್ ಬಂದಿದೆ, ಅದರಲ್ಲೇನಿದೆ? ವಿತರಕರು ಒಂದು ಸಂಭಾಷಣೆ ಸೇರಿಸಿ ಎಂದು ಪಟ್ಟು ಹಿಡಿದರು. ಕೊನೆಗೆ ಡಬ್ಬಿಂಗ್‌ನಲ್ಲಿ ಅಣ್ಣನ ಸೊಸೆಯ ಒಂದು ಮಾತು ಬಂತು: "ಅತ್ತೆ, ಈ ಸಲ ಬರೀ ಬಾಟ್ಲಿ ಬಂದಿದೆ." ಅತ್ತೆ ಉತ್ತರ ಕೊಡುವುದಿಲ್ಲ, ಬಾಟ್ಲಿ ತೊಳೆದು ಕವುಚಿ ಇಡುತ್ತಾಳೆ. ಆ ಮಾತು ಬೇಕಿರಲಿಲ್ಲ ಎಂದೇ ನನಗೆ ಈಗಲೂ ಅನ್ನಿಸುತ್ತದೆ. ಮೊದಲಾರ್ಧದಲ್ಲಿ ಬಾಟ್ಲಿ ಹೋಗಿಬರುವುದನ್ನು ಇನ್ನೊಂದು ಸಲ ತೋರಿಸಿದ್ದರೆ ಸಾಕಿತ್ತು.

ನಿರ್ಮಾಪಕರು ಕೇಳಿದ್ದಕ್ಕೆ ದೊಡ್ಡ ಊಟದ ದೃಶ್ಯವೊಂದನ್ನು ಚಿತ್ರೀಕರಿಸಿದ್ದರು. ಕಡುಬು, ಪಂದಿಕರಿ, ಎಲ್ಲರೂ ಒಂದೇ ಸಾಲಿನಲ್ಲಿ. ಚಿತ್ರದಲ್ಲಿ ಅದಿಲ್ಲ. ಅಣ್ಣ ತಮ್ಮ ಕೊನೆಯವರೆಗೂ ಒಬ್ಬರ ಮನೆಯಲ್ಲಿ ಇನ್ನೊಬ್ಬರು ಉಣ್ಣುವುದಿಲ್ಲ. ಅದರ ಬದಲು ತಮ್ಮನ ಮಗನ ಮದುವೆ ಕಾರ್ಡಿನ ಪ್ರೂಫ್ ಬರುತ್ತದೆ. ಸುಖಾಗಮನ ಬಯಸುವವರ ಪಟ್ಟಿಯಲ್ಲಿ ಮೊದಲ ಹೆಸರು ಅಣ್ಣನದು. ಅವನು ಕನ್ನಡಕ ಹಾಕಿಕೊಂಡು ಓದಿ, ಇನಿಶಿಯಲ್ ತಪ್ಪಾಗಿದೆ ಎಂದು ತಮ್ಮನಿಗೇ ಹೇಳುತ್ತಾನೆ. ನಡುವೆ ಮೇಸ್ತ್ರಿ ಇಲ್ಲ. ಅಷ್ಟರಲ್ಲಿ ಮೈಸೂರಿನಿಂದ ಫೋನು. ವಾಟ್ಸಾಪಿನಲ್ಲಿ ಪ್ರೂಫ್ ನೋಡಿದ ಅಕ್ಕ: "ನನ್ನ ಹೆಸರು ಎಲ್ಲಿ?" ಇಬ್ಬರು ತಮ್ಮಂದಿರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ.

ಊರಿನ ಪ್ರದರ್ಶನದಲ್ಲಿ ಎಲ್ಲರೂ ಜೋರಾಗಿ ನಕ್ಕದ್ದು ಇಲ್ಲಿ. ಲೈಟು ಹಾಕಿದ ಮೇಲೆ ಹಿಂದಿನ ಸಾಲಿನ ಒಬ್ಬರು ಎದ್ದು, ಅಕ್ಕನಿಗೆ ಗದ್ದೆ ಹೋಯ್ತಲ್ಲ, ಅವರು ಮೈಸೂರಲ್ಲಿ, ನಾಟಿ ಮಾಡುವವರು ಯಾರು ಎಂದು ಕೇಳಿದರು. ಕೊಡಗಿನಲ್ಲಿ ಗದ್ದೆಗಳು ಎಷ್ಟೋ ಕಡೆ ಪಾಳು ಬಿದ್ದಿವೆ, ಆಳು ಸಿಗುವುದಿಲ್ಲ, ಗಿಟ್ಟುವುದೂ ಇಲ್ಲ. ನಿರ್ದೇಶಕ ಒಂದು ನಿಮಿಷ ತಡವರಿಸಿದ. ಹುತ್ತರಿಯ ದೃಶ್ಯ ತೆಗೆದದ್ದೂ ಆ ಮನೆಯ ಗದ್ದೆಯಲ್ಲಿ ಅಲ್ಲ. ಅದು ವರ್ಷಗಳಿಂದ ಪಾಳು. ಭತ್ತ ಇದ್ದದ್ದು ಪಕ್ಕದ ಊರಿನವರದು, ಬಾಡಿಗೆ ಕೊಟ್ಟು ಚಿತ್ರೀಕರಿಸಿದ್ದು. ಅವನು ಅದನ್ನು ಹಾಗೆಯೇ ಹೇಳಿದ. ಕೇಳಿದವರು, "ಹಾಗಾದ್ರೆ ಮುಂದಿನ ಹುತ್ತರಿಗೆ ಕದಿರು?" ಎಂದರು. ಚರ್ಚೆ ಅಲ್ಲಿಂದ ಸಿನಿಮಾ ಬಿಟ್ಟು ನಾಟಿಯ ಕೂಲಿಗೆ ಹೋಯಿತು, ಹಾಲ್ ಬಾಗಿಲು ಹಾಕುವವರೆಗೂ ಅದೇ ನಡೆಯಿತು.